ಐರಿಷ್ ಮನೆತನದ ಜಾಡು: ಸರ್ಕಾರದ ಪುಸ್ತಕ, ಚರ್ಚಿನ ಪುಸ್ತಕ

ನಮ್ಮ ಸಂಘದ ಹಲವು ಮನೆಗಳಿಗೆ ಈಗ ಐರಿಷ್ ಸೊಸೆಯೋ ಅಳಿಯನೋ ಬಂದಿದ್ದಾರೆ. ಮೊಮ್ಮಕ್ಕಳು ಶಾಲೆಯಿಂದ ವಂಶವೃಕ್ಷದ ಹಾಳೆ ತಂದಾಗ, ನಮ್ಮ ಕಡೆಯ ಕೊಂಬೆಗಳು ಊರಿಗೆ ಒಂದು ಫೋನ್ ಮಾಡಿದರೆ ತುಂಬುತ್ತವೆ. ಬೀಗರ ಕಡೆಯದು ಮುತ್ತಜ್ಜನ ಹತ್ತಿರ ನಿಂತುಬಿಡುತ್ತದೆ. "ಐರ್ಲೆಂಡಿನ ದಾಖಲೆಗಳೆಲ್ಲ ಸುಟ್ಟುಹೋದವಂತೆ" ಎಂಬ ಮಾತೂ ಕೇಳಿಬರುತ್ತದೆ. ಅದು ಅರ್ಧ ಮಾತ್ರ ನಿಜ. ವೈದ್ಯನಾಗಿ ನಾಲ್ಕು ದಶಕ ರೋಗಿಗಳ ಕುಟುಂಬದ ಇತಿಹಾಸ ಕೇಳಿ ಬರೆದುಕೊಂಡವನಿಗೆ ನಿವೃತ್ತಿಯ ನಂತರ ಈ ಹುಡುಕಾಟ ಹಿಡಿಸಿತು. ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಸುಟ್ಟದ್ದು ಯಾವುದು, ಉಳಿದದ್ದು ಯಾವುದು

1922ರ ಜೂನ್ 30ರಂದು, ಅಂತರ್ಯುದ್ಧದ ಮೊದಲ ದಿನಗಳಲ್ಲೇ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆ ಕಚೇರಿ ಸ್ಫೋಟಕ್ಕೂ ಬೆಂಕಿಗೂ ಸಿಕ್ಕಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಬಹುಪಾಲು ಹಾಳೆಗಳು ಮತ್ತು ಶತಮಾನಗಳ ಉಯಿಲುಗಳು ಅಲ್ಲಿ ನಾಶವಾದವು. ಆದರೆ 1861 ಮತ್ತು 1871ರ ಹಾಳೆಗಳನ್ನು ಅದಕ್ಕೂ ಬಹಳ ಹಿಂದೆ ಸರ್ಕಾರವೇ ನಾಶಮಾಡಿತ್ತು. 1881 ಮತ್ತು 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ರದ್ದಿಯಾಗಿದ್ದವು. ಇದರಿಂದ ನಮಗೆ ಪೂರ್ತಿಯಾಗಿ ಸಿಗುವ ಅತಿ ಹಳೆಯ ಜನಗಣತಿ 1901ರದು.

ಇಲ್ಲೊಂದು ವಿಪರ್ಯಾಸವಿದೆ. ಪ್ರೊಟೆಸ್ಟೆಂಟರ ಚರ್ಚ್ ಆಫ್ ಐರ್ಲೆಂಡ್ ಒಂದು ಕಾಲಕ್ಕೆ ಸರ್ಕಾರಿ ಚರ್ಚ್ ಆಗಿತ್ತು. ಹಾಗಾಗಿ ಅದರ ಹಳೆಯ ರಿಜಿಸ್ಟರುಗಳು ಸಾರ್ವಜನಿಕ ದಾಖಲೆ ಎನಿಸಿಕೊಂಡು, ಭದ್ರತೆಗೆಂದು ಅನೇಕವು ಡಬ್ಲಿನ್ ಸೇರಿದವು ಮತ್ತು ಅಲ್ಲೇ ಸುಟ್ಟವು. ಕ್ಯಾಥೊಲಿಕ್ ರಿಜಿಸ್ಟರುಗಳಿಗೆ ಆ ಮರ್ಯಾದೆ ಸಿಗಲಿಲ್ಲ. ಅವು ಹಳ್ಳಿಯ ಪಾದ್ರಿಯ ಮನೆಯಲ್ಲೇ ಉಳಿದವು, ಅದರಿಂದಲೇ ಉಳಿದುಕೊಂಡವು. ಸರ್ಕಾರದ ಜನನ, ವಿವಾಹ, ಮರಣ ನೋಂದಣಿ ಪುಸ್ತಕಗಳು ಬೇರೆ ಕಚೇರಿಯಲ್ಲಿದ್ದುದರಿಂದ ಅವೂ ಕ್ಷೇಮ.

ಸರ್ಕಾರದ ಪುಸ್ತಕ

ಕ್ಯಾಥೊಲಿಕರಲ್ಲದವರ ಮದುವೆಗಳ ನೋಂದಣಿ 1845ರ ಏಪ್ರಿಲ್‌ನಲ್ಲಿ ಶುರುವಾಯಿತು. ಎಲ್ಲರ ಜನನ, ಮರಣ, ಮದುವೆಗಳ ನೋಂದಣಿ ಆರಂಭವಾದದ್ದು 1864ರ ಜನವರಿ 1ರಂದು. ಹಳ್ಳಿಗಳಲ್ಲಿ ರಿಜಿಸ್ಟ್ರಾರ್ ಆಗಿರುತ್ತಿದ್ದವರು ಸಾಮಾನ್ಯವಾಗಿ ಡಿಸ್ಪೆನ್ಸರಿಯ ಡಾಕ್ಟರೇ. ಹೀಗಾಗಿ ಈ ಪುಟಗಳಲ್ಲಿ ನನ್ನ ಕಸುಬಿನವರ ಕೈಬರಹವೇ ಹೆಚ್ಚು. ಓದಲು ಕಷ್ಟವಾದರೆ ಆಶ್ಚರ್ಯವಿಲ್ಲ!

ಜನನ ದಾಖಲೆಯಲ್ಲಿ ಹುಟ್ಟಿದ ಸ್ಥಳ, ತಂದೆಯ ಉದ್ಯೋಗ ಮತ್ತು ಬಹು ಮುಖ್ಯವಾಗಿ ತಾಯಿಯ ತವರು ಮನೆಯ ಹೆಸರು ಇರುತ್ತವೆ. ಮದುವೆ ದಾಖಲೆಯಲ್ಲಿ ವಧೂವರರಿಬ್ಬರ ತಂದೆಯ ಹೆಸರು ಸಿಗುತ್ತದೆ, ಅಂದರೆ ಒಂದೇ ಹಾಳೆಯಲ್ಲಿ ಎರಡು ತಲೆಮಾರು. ವಯಸ್ಸಿನ ಕಡೆ ಬರೀ "ಪೂರ್ಣ ವಯಸ್ಸು" ಎಂದಿದ್ದರೆ 21 ತುಂಬಿದೆ ಎಂದಷ್ಟೇ ಅರ್ಥ. ಮರಣ ದಾಖಲೆಯಲ್ಲಿ ಸತ್ತವರ ತಂದೆತಾಯಿಯರ ಹೆಸರು ಇರುವುದಿಲ್ಲ. ಸಾವನ್ನು ತಿಳಿಸಿದವರು ಯಾರು ಎಂದು ನೋಡಿ. ಅದು ಮಗಳೋ ತಮ್ಮನೋ ಆಗಿದ್ದರೆ ನಿಮ್ಮ ಮನೆಯೇ ಎಂದು ಖಚಿತವಾಗುತ್ತದೆ.

ನೂರು ವರ್ಷ ದಾಟಿದ ಜನನ, 75 ದಾಟಿದ ವಿವಾಹ, 50 ದಾಟಿದ ಮರಣ ದಾಖಲೆಗಳನ್ನು ಸರ್ಕಾರದ 'ಐರಿಷ್ ಜೀನಿಯಾಲಜಿ' ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ಉತ್ತರ ಐರ್ಲೆಂಡಿನ ಆರು ಕೌಂಟಿಗಳ ನಂತರದ ದಾಖಲೆಗಳಿಗೆ ಬೆಲ್ಫಾಸ್ಟ್ ಕಚೇರಿಯನ್ನು ಕೇಳಬೇಕು.

ಚರ್ಚಿನ ಪುಸ್ತಕ

1864ಕ್ಕಿಂತ ಹಿಂದೆ ಹೋಗಲು ಚರ್ಚೇ ದಾರಿ. ಕ್ಯಾಥೊಲಿಕ್ ಪ್ಯಾರಿಷ್‌ಗಳ ರಿಜಿಸ್ಟರುಗಳನ್ನು, ಸುಮಾರು 1880ರವರೆಗಿನವು, ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಜಾಲತಾಣಕ್ಕೆ ಹಾಕಿತು. ಬರಹ ಎಷ್ಟೋ ಕಡೆ ಲ್ಯಾಟಿನ್. ಜೇಮ್ಸ್ ಅಲ್ಲಿ ಯಾಕೋಬಸ್, ವಿಲಿಯಂ ಗುಲಿಯೆಲ್ಮಸ್, ನೋರಾ ಹೊನೋರಿಯಾ. ಓ, ಮ್ಯಾಕ್ ಎಂಬ ಪೂರ್ವಪದಗಳು ಒಂದು ತಲೆಮಾರಿನಲ್ಲಿ ಬಿಟ್ಟುಹೋಗಿ ಮುಂದಿನದರಲ್ಲಿ ಮರಳಿ ಬರುತ್ತವೆ. ಜ್ಞಾನಸ್ನಾನದ ದಾಖಲೆಯಲ್ಲಿ ಗಾಡ್‌ಪೇರೆಂಟ್ಸ್ ಹೆಸರನ್ನೂ ಬರೆದುಕೊಳ್ಳಿ. ಅವರು ಹೆಚ್ಚಾಗಿ ಸೋದರಮಾವ, ಸೋದರತ್ತೆಯರೇ.

ಒಂದೇ ಹೆಸರಿನವರು ಒಂದೇ ಪ್ಯಾರಿಷ್‌ನಲ್ಲಿ ಹತ್ತು ಮಂದಿ ಇರುತ್ತಾರೆ. ಅವರನ್ನು ಬೇರ್ಪಡಿಸುವುದು ಟೌನ್‌ಲ್ಯಾಂಡ್. ಇದು ಐರ್ಲೆಂಡಿನ ಅತಿ ಚಿಕ್ಕ ಭೂವಿಭಾಗ. ಅರವತ್ತು ಸಾವಿರಕ್ಕೂ ಹೆಚ್ಚಿವೆ. ಬೀಗರನ್ನು ಕೇಳಬೇಕಾದ ಮೊದಲ ಪ್ರಶ್ನೆ "ಯಾವ ಕೌಂಟಿ?" ಅಲ್ಲ, "ಯಾವ ಟೌನ್‌ಲ್ಯಾಂಡ್?"

ವಯಸ್ಸನ್ನು ನಂಬಬೇಡಿ

ಹೆಸರು ಊರು ಕೂಡಿಬಂದರೂ ವಯಸ್ಸು ಕೈಕೊಡುತ್ತದೆ. 1901 ಮತ್ತು 1911ರ ಜನಗಣತಿಗಳ ನಡುವೆ ಹತ್ತು ವರ್ಷ. ಆದರೆ ಎಷ್ಟೋ ವೃದ್ಧರ ವಯಸ್ಸು ಅಷ್ಟರಲ್ಲಿ ಹದಿನೈದೋ ಹದಿನೆಂಟೋ ಏರಿರುತ್ತದೆ. ಕಾರಣ, 1909ರ ಜನವರಿಯಲ್ಲಿ ಎಪ್ಪತ್ತು ತುಂಬಿದವರಿಗೆ ವಾರಕ್ಕೆ ಐದು ಶಿಲ್ಲಿಂಗ್‌ವರೆಗಿನ ಪಿಂಚಣಿ ಶುರುವಾಯಿತು. ಆ ಪೀಳಿಗೆಯವರಿಗೆ ಜನನ ಪ್ರಮಾಣಪತ್ರವೇ ಇರಲಿಲ್ಲ. 1839ರ ಜನವರಿಯ ಮಹಾ ಬಿರುಗಾಳಿ ನೆನಪಿದೆ ಎಂದು ಹೇಳಿ ವಯಸ್ಸು ಸಾಧಿಸಿದವರೂ ಇದ್ದರು. ಇದನ್ನು ಬರೀ ಸುಳ್ಳು ಎನ್ನಲಾಗದು; ಹುಟ್ಟಿದ ವರ್ಷ ಗೊತ್ತಿಲ್ಲದ ಜನ ಅವರು. ನಮ್ಮ ಹಿರಿಯರೂ ಬರಗಾಲ, ಪ್ಲೇಗಿನ ಲೆಕ್ಕದಲ್ಲೇ ವಯಸ್ಸು ಹೇಳುತ್ತಿದ್ದರಲ್ಲವೇ? ಒಂದು ದಾಖಲೆ ಒಂದು ಹೇಳಿಕೆ ಮಾತ್ರ. ರೋಗನಿರ್ಣಯದಂತೆ ಇಲ್ಲೂ ಎರಡು ಮೂರು ಸಾಕ್ಷಿ ಕೂಡಿದ ಮೇಲೆಯೇ ತೀರ್ಮಾನ.

ಮನೆಯವರು ಮಾತಾಡದ ಮಕ್ಕಳು

1911ರ ಹಾಳೆಯಲ್ಲಿ ವಿವಾಹಿತ ಸ್ತ್ರೀಯರಿಗೆ ಹೊಸ ಪ್ರಶ್ನೆಗಳಿದ್ದವು: ಮದುವೆಯಾಗಿ ಎಷ್ಟು ವರ್ಷ, ಜೀವಂತವಾಗಿ ಹುಟ್ಟಿದ ಮಕ್ಕಳೆಷ್ಟು, ಈಗ ಬದುಕಿರುವವರೆಷ್ಟು. ಮುತ್ತಜ್ಜಿಯ ಹೆಸರಿನ ಮುಂದೆ 9 ಮತ್ತು 6 ಎಂದಿದ್ದರೆ, ಆಕೆ ಮೂರು ಮಕ್ಕಳನ್ನು ಕಳೆದುಕೊಂಡವಳು. ಅವರನ್ನು ಹುಡುಕುವುದು ಹೀಗೆ: ಆ ದಂಪತಿಗೆ ಹುಟ್ಟಿದವರ ಪಟ್ಟಿಯನ್ನು ಜನನ ಮತ್ತು ಜ್ಞಾನಸ್ನಾನದ ಪುಸ್ತಕಗಳಿಂದ ಮಾಡಿ. ಎರಡೂ ಜನಗಣತಿಗಳಲ್ಲಿ ಕಾಣುವವರನ್ನು ಹೊಡೆದುಹಾಕಿ. ಉಳಿದವರಲ್ಲಿ ಕೆಲವರು ದುಡಿಯಲು ಹೊರಗೆ ಹೋದವರು. ಬಾಕಿಯವರು ಮರಣದ ಪುಸ್ತಕದಲ್ಲಿ ಸಿಗುತ್ತಾರೆ. ಒಂದೇ ಹೆಸರು ಇಬ್ಬರು ಮಕ್ಕಳಿಗಿದ್ದರೆ ಬರಹದ ತಪ್ಪೆಂದುಕೊಳ್ಳಬೇಡಿ. ತೀರಿಕೊಂಡ ಮಗುವಿನ ಹೆಸರನ್ನು ಮುಂದಿನ ಮಗುವಿಗೆ ಇಡುವ ರೂಢಿಯಿತ್ತು.

ಕಾರಣದ ಅಂಕಣದಲ್ಲಿ 'ಥೈಸಿಸ್' ಎಂದಿದ್ದರೆ ಅದು ಕ್ಷಯ. 'ಡ್ರಾಪ್ಸಿ' ಎಂದರೆ ಮೈ ಊದಿಕೊಂಡಿತ್ತು ಎಂದಷ್ಟೇ. ಹೃದಯದಿಂದಲೋ ಮೂತ್ರಪಿಂಡದಿಂದಲೋ ಹೇಳಲಾಗದು. 'ಅನ್‌ಸರ್ಟಿಫೈಡ್' ಎಂದರೆ ಡಾಕ್ಟರ ಪ್ರಮಾಣಪತ್ರವಿಲ್ಲದೆ ಮನೆಯವರ ಮಾತಿನ ಮೇಲೆ ಬರೆದದ್ದು. ಇಂಥ ಪದದಿಂದ ಇಂದಿನ ಕುಟುಂಬಕ್ಕೆ ರೋಗ ಅಂಟಿಸಬಾರದು. ಕ್ಷಯವನ್ನಂತೂ ಮನೆಗಳು ಮುಚ್ಚಿಟ್ಟವು, ಮಕ್ಕಳ ಮದುವೆಗೆ ಅಡ್ಡಿಯಾದೀತೆಂದು. ನಮ್ಮಲ್ಲೂ ಹಾಗೇ ಇತ್ತು. ಆದ್ದರಿಂದ ಸಿಕ್ಕ ಸಂಗತಿಯನ್ನು ಬೀಗರ ಮನೆಯ ಹಿರಿಯರಿಗೆ ಮೊದಲು ಒಂಟಿಯಾಗಿ ಹೇಳಿ. ಹಬ್ಬದೂಟದ ಮೇಜಿನಲ್ಲಿ ಅಲ್ಲ. ಬದುಕಿರುವವರ ಜನ್ಮದಿನಾಂಕಗಳನ್ನು ಜಾಲತಾಣಕ್ಕೆ ಏರಿಸಬೇಡಿ.

ಮೊಮ್ಮಗುವಿನ ಹಾಳೆಯಲ್ಲಿ ಆ ಮೂವರಿಗೂ ಜಾಗ ಕೊಡಿ. ಸರ್ಕಾರದ ಪುಸ್ತಕದಲ್ಲಿ ಒಂದು ಸಾಲು, ಚರ್ಚಿನ ಪುಸ್ತಕದಲ್ಲಿ ಒಂದು ಸಾಲು ಬಿಟ್ಟರೆ ಅವರಿಗೆ ಬೇರೆ ಗುರುತಿಲ್ಲ.