ಹೆದ್ದೊರೆ: ಕೃಷ್ಣಾ ನದಿಯ ಮರೆತ ಹೆಸರು

ಹುಬ್ಬಳ್ಳಿ-ಧಾರವಾಡದ ಸೀಮೆಯಲ್ಲಿ ಬಿದ್ದ ಮಳೆಯ ನೀರು ಎರಡು ಕಡಲುಗಳಿಗೆ ಹಂಚಿಹೋಗುತ್ತದೆ. ಧಾರವಾಡದ ಸೋಮೇಶ್ವರ ಗುಡಿಯ ಬಳಿಯಲ್ಲಿ ಹುಟ್ಟುವ ಶಾಲ್ಮಲೆಯು ಪಶ್ಚಿಮಕ್ಕೆ ಸರಿದು, ಬೇಡ್ತಿ, ಗಂಗಾವಳಿ ಎಂಬ ಹೆಸರುಗಳಿಂದ ಹರಿದು ಅರಬ್ಬೀ ಸಮುದ್ರವನ್ನು ಸೇರುವದು. ಬೆಣ್ಣಿಹಳ್ಳವಾದರೋ ತುಪ್ಪರಿಹಳ್ಳವನ್ನು ಕೂಡಿಕೊಂಡು, ನವಲಗುಂದದ ಎರೆಯ ನೆಲವನ್ನು ದಾಟಿ, ರೋಣ ತಾಲೂಕಿನಲ್ಲಿ ಮಲಪ್ರಭೆಗೆ ಬೀಳುವದು. ಮಲಪ್ರಭೆಯು ಕೂಡಲಸಂಗಮದಲ್ಲಿ ಕೃಷ್ಣೆಯೊಡನೆ ಬೆರೆತು ಬಂಗಾಲ ಉಪಸಾಗರದ ದಾರಿ ಹಿಡಿಯುವದು. ಆದುದರಿಂದ ಬೆಣ್ಣಿಹಳ್ಳದ ದಂಡೆಯ ಒಕ್ಕಲಿಗನ ಬದುವಿನಿಂದ ಇಳಿದ ನೀರು ಕೊನೆಗೆ ಕೃಷ್ಣೆಯ ನೀರೇ ಆಗಿರುತ್ತದೆ.

ಮಹಾಬಳೇಶ್ವರದಲ್ಲಿ ಹುಟ್ಟಿ ಸುಮಾರು 1,400 ಕಿಲೋಮೀಟರು ಹರಿಯುವ ಈ ನದಿಗೆ ಕೃಷ್ಣಾ, ಕೃಷ್ಣವೇಣಿ ಎಂಬ ಸಂಸ್ಕೃತ ಹೆಸರುಗಳು ಎಲ್ಲರಿಗೂ ತಿಳಿದಿವೆ. ಆದರೆ ನಮ್ಮ ಹಿರಿಯರು ಇದಕ್ಕೆ ಅಚ್ಚಗನ್ನಡದ ಬೇರೊಂದು ಹೆಸರನ್ನು ಇಟ್ಟಿದ್ದರು. ಅದು ಪೆರ್ದೊರೆ; ನಡುಗನ್ನಡದ ರೂಪದಲ್ಲಿ ಹೆದ್ದೊರೆ. ಪಾಲು ಹಾಲಾದಂತೆ, ಪೊಲವು ಹೊಲವಾದಂತೆ, ಪೆರ್ದೊರೆಯು ಹೆದ್ದೊರೆಯಾಯಿತು. ಇಲ್ಲಿ ದೊರೆಯೆಂದರೆ ಅರಸನಲ್ಲ. ತೊರೆ ಎಂಬ ಶಬ್ದವೇ ಸಮಾಸದಲ್ಲಿ ದೊರೆಯಾಗಿದೆ. ಹಿರಿದಾದ ದಾರಿ ಹೆದ್ದಾರಿ. ಹಿರಿದಾದ ತೊರೆ ಹೆದ್ದೊರೆ. ಹಳ್ಳವನ್ನೂ ತೊರೆಯನ್ನೂ ದಿನಾಲು ಕಾಣುವ ಒಕ್ಕಲುಮಕ್ಕಳು, ಅವೆಲ್ಲವೂ ಹೋಗಿ ಕೂಡುವ ನದಿಯನ್ನು ಹೀಗೆ ಕರೆದುದು ಸಹಜವೇ ಆಗಿದೆ.

ಹೆಸರು ಮರೆತರೆ ಹಾನಿಯೇನೆಂದು ಯಾರಾದರೂ ಕೇಳಬಹುದು. ಅದಕ್ಕೆ ಒಂದು ನಿದರ್ಶನವನ್ನು ಕೊಡುವೆವು. ಕೃಷ್ಣಾ ತುಂಗಭದ್ರೆಗಳ ನಡುವಣ ನಾಡಿಗೆ, ಅಂದರೆ ಈಗಿನ ರಾಯಚೂರ ಸೀಮೆಗೆ, ಶಾಸನಗಳಲ್ಲಿ ಎಡೆದೊರೆ ಎರಡುಸಾವಿರ ಎಂಬ ಹೆಸರುಂಟು. ಎಡೆಯೆಂದರೆ ನಡುವು, ತೊರೆಗಳ ನಡುವಿನ ನಾಡು ಎಂದು ಅರ್ಥ. 11ನೆಯ ಶತಮಾನದ ರಾಜೇಂದ್ರ ಚೋಳನ ಪ್ರಶಸ್ತಿಗಳಲ್ಲಿ ಅವನು ಗೆದ್ದ ನಾಡುಗಳ ಸಾಲಿನಲ್ಲಿ ಇಡೈತುರೈನಾಡು ಎಂಬುದು ಬರುತ್ತದೆ. ಮೊದಲಿಗೆ ವಿದ್ವಾಂಸರು ಇದನ್ನು ಮೈಸೂರ ಸೀಮೆಯ ಎಡತೊರೆ, ಅಂದರೆ ಈಗಿನ ಕೃಷ್ಣರಾಜನಗರ, ಎಂದು ಬಗೆದರು. ಅದು ಎಡೆದೊರೆ ಎರಡುಸಾವಿರವೇ ಎಂಬದನ್ನು ತೋರಿಸಿಕೊಟ್ಟವರು ಶಾಸನತಜ್ಞ ಜೆ. ಎಫ್. ಫ್ಲೀಟರು. ಒಂದು ಹೆಸರಿನ ಗುರುತು ತಪ್ಪಿದುದರಿಂದ ಒಂದು ನಾಡೇ ಕೃಷ್ಣೆಯ ದಂಡೆಯಿಂದ ಕಾವೇರಿಯ ದಂಡೆಗೆ, ಸುಮಾರು 400 ಕಿಲೋಮೀಟರು ದೂರಕ್ಕೆ, ಸರಿದುಹೋಗಿತ್ತು!

ಇಂಥದೇ ಇನ್ನೊಂದು ತೊಡಕು ಇನ್ನೂ ಪೂರ್ತಿ ಬಿಡಿಸಿಲ್ಲ. 1054ರಲ್ಲಿ ಚಾಲುಕ್ಯ ಚೋಳರಿಗೆ ಕೊಪ್ಪಮ್ ಎಂಬಲ್ಲಿ ಘೋರ ಯುದ್ಧವಾಯಿತು. ಆ ಸ್ಥಳವು ಪೇರಾರಿನ, ಅಂದರೆ ಹಿರಿಯ ಹೊಳೆಯ, ದಂಡೆಯಲ್ಲಿತ್ತೆಂದು ಚೋಳರ ಶಾಸನಗಳು ಹೇಳುವವು. ಆ ಹಿರಿಯ ಹೊಳೆ ಕೃಷ್ಣೆಯೆಂದು ತಿಳಿದವರು ಕೊಪ್ಪಮ್ ಎಂದರೆ ಕೃಷ್ಣಾತೀರದ ಖಿದ್ರಾಪುರವೆನ್ನುವರು. ಉಳಿದವರು ತುಂಗಭದ್ರೆಯ ಸೀಮೆಯ ಕೊಪ್ಪಳವೆನ್ನುವರು.

ರಾಜ್ಯಗಳ ಗಡಿಗೆ ಸಲ್ಲುವ ಈ ಮಾತು ಊರಿನ ಗಡಿಗೂ ಸಲ್ಲುತ್ತದೆ. ಹಳೆಯ ದಾನಶಾಸನಗಳಲ್ಲಿ ಭೂಮಿಯ ಅಳತೆಯನ್ನು ಮತ್ತರುಗಳಲ್ಲಿ ಹೇಳಿ, ಮೂಡಣಕ್ಕೆ ಈ ಹಳ್ಳ, ತೆಂಕಣಕ್ಕೆ ಆ ಕೆರೆ ಎಂದು ಎಲ್ಲೆಗಳನ್ನು ಎಣಿಸುವ ವಾಡಿಕೆಯಿತ್ತು. ಅಣ್ಣಿಗೇರಿ, ಗದಗ, ನವಲಗುಂದದ ಸುತ್ತಣ ನಾಡಿನ ಬೆಳ್ವೊಲ ಎಂಬ ಹೆಸರೇ ಬೆಳೆಯ ಹೊಲವೆಂದು ಸಾರುತ್ತದೆ. ಹಳ್ಳದ ಹೆಸರು ಅಳಿದರೆ ಅದರ ಪಾತ್ರದ ನೆನಪೂ ಅಳಿಯುವದು; ನೆನಪಳಿದ ಪಾತ್ರವನ್ನು ಒತ್ತಿ ಉಳುವದಕ್ಕೆ ಯಾರೂ ಹಿಂಜರಿಯರು. ನೀರು ಮಾತ್ರ ತನ್ನ ದಾರಿಯನ್ನು ಮರೆಯುವದಿಲ್ಲ. 2019ರ ಆಗಸ್ಟಿನಲ್ಲಿ ಬೆಣ್ಣಿಹಳ್ಳ ಮಲಪ್ರಭೆಗಳು ಉಕ್ಕಿ ನವಲಗುಂದ, ನರಗುಂದ, ರೋಣ ತಾಲೂಕುಗಳ ಹೊಲಗಳನ್ನು ಮುಳುಗಿಸಿದುದನ್ನು ವಾಚಕರು ಬಲ್ಲರು. ಅಂಥ ಮಹಾಪೂರಕ್ಕೆ ಮಳೆಯೇ ಮೊದಲ ಕಾರಣ. ಆದರೂ ಪಾತ್ರವು ಇಕ್ಕಟ್ಟಾದಲ್ಲಿ ನೀರು ಹೊಲಕ್ಕೆ ನುಗ್ಗುವದು ಹೆಚ್ಚು.

ಆದಕಾರಣ ಊರ ಗೌಡರೂ ಜಮೀನುದಾರರೂ ಮುಂದಿನ ಮೂರು ಕೆಲಸಗಳನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಒಂದನೆಯದು: ಊರಿನ ಹಳ್ಳ, ಕೊಳ್ಳ, ಕೆರೆ, ಒಡ್ಡುಗಳ ಹೆಸರುಗಳನ್ನು ವೃದ್ಧರ ಬಾಯಿಂದ ಕೇಳಿ, ಸರ್ವೆ ನಂಬರುಗಳೊಡನೆ ಬರೆದಿಡಬೇಕು, ಗ್ರಾಮದ ನಕಾಶೆಯೊಡನೆ ತಾಳೆ ನೋಡಬೇಕು.

ಎರಡನೆಯದು: ಮೇಲ್ಭಾಗದಲ್ಲಿ ಸೂರ್ಯಚಂದ್ರರು, ಲಿಂಗ, ಆಕಳು ಕರುಗಳನ್ನು ಕೆತ್ತಿ ಕೆಳಗೆ ಅಕ್ಷರ ಬರೆದ ಕಲ್ಲು ಹೊಲದಲ್ಲಿ ಕಂಡರೆ, ಅದನ್ನು ಒಗೆಯುವ ಕಲ್ಲು ಮಾಡಬಾರದು, ಕುಡಗೋಲು ಮಸೆಯಬಾರದು, ನಿಧಿಯ ಆಶೆಯಿಂದ ಬುಡ ಅಗೆಯಬಾರದು. ಅದು ಊರಿನ ದಸ್ತೈವಜು. ಧಾರವಾಡದಲ್ಲಿ 1939ರಲ್ಲಿ ಸ್ಥಾಪಿತವಾದ ಕನ್ನಡ ಸಂಶೋಧನ ಸಂಸ್ಥೆಗಾಗಲಿ, ಪುರಾತತ್ತ್ವ ಇಲಾಖೆಗಾಗಲಿ ತಿಳಿಸಬೇಕು.

ಮೂರನೆಯದು: ಹಳ್ಳದ ಪಾತ್ರವನ್ನು ಒತ್ತಬಾರದು, ಒತ್ತಿದವರಿಗೆ ಊರ ಹಿರಿಯರು ಬುದ್ಧಿ ಹೇಳಬೇಕು.

ಹೆದ್ದೊರೆಯು ತಾನೇ ಹಿರಿದಾಗಲಿಲ್ಲ. ಊರೂರಿನ ಹಳ್ಳಗಳು ಕೂಡಿದ್ದರಿಂದ ಹಿರಿದಾಯಿತು. ಆ ಹಳ್ಳಗಳಲ್ಲಿ ನಿಮ್ಮ ಊರಿನದೂ ಒಂದು. ಅದರ ಹೆಸರನ್ನೂ ದಾರಿಯನ್ನೂ ಕಾಯುವದು ನಿಮಗೆ ಸೇರಿದ ಕೆಲಸವಾಗಿದೆ.