ಒಂದು ಮೀಟರ್ ಕೋಲು, 2,470 ಕಿಲೋಮೀಟರ್ ಅಂತರ

2004ರ ಜೂನ್ 8ರಂದು ಶುಕ್ರ ಗ್ರಹ ಸೂರ್ಯಬಿಂಬವನ್ನು ದಾಟಿಹೋಗಲು ಆರು ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು. ಆ ಹೊತ್ತನ್ನು ಅಳೆಯಲು 2,700ಕ್ಕೂ ಹೆಚ್ಚು ತಂಡಗಳು ಹೆಸರು ನೋಂದಾಯಿಸಿದ್ದವು. ಅವುಗಳಲ್ಲಿ ಸುಮಾರು ಸಾವಿರ ಶಾಲಾ ತರಗತಿಗಳು. ಶುಕ್ರ ಸೂರ್ಯನ ಅಂಚನ್ನು ಮುಟ್ಟಿದ ಕ್ಷಣ ಯಾವುದು, ಪೂರ್ತಿ ಒಳಗೆ ಬಂದ ಕ್ಷಣ ಯಾವುದು, ಹೊರಬಿದ್ದ ಕ್ಷಣ ಯಾವುದು ಎಂದು ಗಡಿಯಾರ ನೋಡಿ ಬರೆದು ಕಳಿಸುವುದಷ್ಟೇ ಮಕ್ಕಳ ಕೆಲಸ. ಹೀಗೆ ಬಂದ ನಾಲ್ಕು ಸಾವಿರಕ್ಕೂ ಹೆಚ್ಚು ಅಳತೆಗಳನ್ನು ಪ್ಯಾರಿಸ್ಸಿನ ಗಣಿತಜ್ಞರು ಜರಡಿ ಹಿಡಿದು ಲೆಕ್ಕ ಹಾಕಿದಾಗ ಭೂಮಿಯಿಂದ ಸೂರ್ಯನಿಗಿರುವ ಸರಾಸರಿ ದೂರ 14,96,08,708 ಕಿಲೋಮೀಟರ್ ಎಂದು ಬಂತು. ರೇಡಾರ್‌ನಿಂದ ಅಳೆದು ಒಪ್ಪಿಕೊಂಡಿರುವ ದೂರ 14,95,97,871. ಎರಡಕ್ಕೂ ಇರುವ ವ್ಯತ್ಯಾಸ 11 ಸಾವಿರ ಕಿಲೋಮೀಟರಿಗಿಂತ ಕಡಿಮೆ. ಶೇಕಡಾ ಲೆಕ್ಕದಲ್ಲಿ 0.007.

ಈ ಅಂಕಿ ನೋಡಿದಾಗಲೆಲ್ಲ ನನಗೆ ಹಿಗ್ಗಾಗುತ್ತದೆ. ಒಂದೇ ಶಾಲೆ ಎಷ್ಟೇ ಒಳ್ಳೆಯ ದೂರದರ್ಶಕ ಕೊಂಡರೂ ಒಂಟಿಯಾಗಿ ಈ ಲೆಕ್ಕ ಮಾಡಲಾರದು. ಶುಕ್ರ ಸೂರ್ಯನ ಮೇಲೆ ಹಾಯುವ ಗೆರೆ ನೋಡುವ ಊರಿಗೆ ತಕ್ಕಂತೆ ಚೂರು ಮೇಲೆ ಕೆಳಗಾಗುತ್ತದೆ, ದಾಟುವ ಹೊತ್ತೂ ಬದಲಾಗುತ್ತದೆ. ದೂರ ಹೊರಡುವುದು ಆ ಬದಲಾವಣೆಯಿಂದಲೇ. ಹಾಗಾಗಿ ಇಲ್ಲಿ ನಿಜವಾದ ಉಪಕರಣ ಊರು ಊರುಗಳ ನಡುವಿನ ಅಂತರ. ಅದನ್ನು ದುಡ್ಡು ಕೊಟ್ಟು ಕೊಳ್ಳಲಾಗದು, ಜೊತೆಗೂಡಿದರೆ ಮಾತ್ರ ಸಿಗುತ್ತದೆ.

ಆ ಯೋಜನೆಯ ಹಿಂದೆ ಇದ್ದವು ನಾಲ್ಕು ಸಂಸ್ಥೆಗಳು: ಜರ್ಮನಿಯ ಗಾರ್ಕಿಂಗ್‌ನಲ್ಲಿ ಕೇಂದ್ರ ಕಚೇರಿ ಇರುವ ಯುರೋಪಿಯನ್ ಸದರ್ನ್ ಅಬ್ಸರ್ವೇಟರಿ, ಪ್ಯಾರಿಸ್ ವೀಕ್ಷಣಾಲಯ, ಜೆಕ್ ವಿಜ್ಞಾನ ಅಕಾಡೆಮಿಯ ಖಗೋಳ ಸಂಸ್ಥೆ, ಮತ್ತು ಯುರೋಪಿಯನ್ ಖಗೋಳ ಶಿಕ್ಷಣ ಸಂಘ. ನಾಲ್ಕನೆಯದು ಶಿಕ್ಷಕರದೇ ಸಂಘ. 1994ರ ನವೆಂಬರಿನಲ್ಲಿ ಗಾರ್ಕಿಂಗ್‌ನಲ್ಲಿ ಸೇರಿದ ನೂರಕ್ಕೂ ಹೆಚ್ಚು ಶಿಕ್ಷಕರು ಮತ್ತು ಶಿಕ್ಷಣ ಇಲಾಖೆಗಳ ಪ್ರತಿನಿಧಿಗಳು ಇಂಥದೊಂದು ಸಂಘ ಬೇಕೆಂದು ಘೋಷಿಸಿದರು. ಮರುವರ್ಷ ಅದೇ ತಿಂಗಳಲ್ಲಿ ಅಥೆನ್ಸ್‌ನಲ್ಲಿ ಸಂಘ ಹುಟ್ಟಿತು. ಪ್ರೌಢಶಾಲೆಗಳಲ್ಲಿ ಖಗೋಳ ಎಂಬ ಪ್ರತ್ಯೇಕ ವಿಷಯ ಬಹುತೇಕ ದೇಶಗಳಲ್ಲಿ ಇಲ್ಲ. ಭೌತಶಾಸ್ತ್ರದ ಕೊನೆಯ ಪಾಠವಾಗಿಯೋ ಭೂಗೋಳದ ಮೊದಲ ಪಾಠವಾಗಿಯೋ ಅದು ತೂರಿಕೊಂಡಿರುತ್ತದೆ. ಅದನ್ನು ಹೇಳಿಕೊಡಬೇಕಾದವರಲ್ಲಿ ಹೆಚ್ಚಿನವರು ಕಾಲೇಜಿನಲ್ಲಿ ಖಗೋಳ ಓದಿದವರಲ್ಲ. ಸಂಘ 1997ರಲ್ಲಿ ಸ್ಪೇನ್‌ನ ಲಾ ಸೇವು ದುರ್ಜೆಲ್ ಎಂಬ ಊರಿನಲ್ಲಿ ಬೇಸಿಗೆ ಶಿಬಿರ ಶುರುಮಾಡಿದ್ದು ಈ ಕೊರತೆ ತುಂಬಲೆಂದೇ. ಅಲ್ಲಿ ಶಿಕ್ಷಕರೇ ಶಿಕ್ಷಕರಿಗೆ ಪಾಠ ಹೇಳಿದರು.

ಯುರೋಪಿನ ಶಾಲೆಗಳು ಹಗಲೂ ರಾತ್ರಿಯೂ ಸಮನಾಗುವ ದಿನಗಳಲ್ಲಿ, ಅಂದರೆ ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ, ಕೂಡಿ ಮಾಡುವ ಇನ್ನೊಂದು ಪ್ರಯೋಗವಿದೆ. ಅದಕ್ಕೆ ಬೇಕಾದ್ದು ಒಂದು ಮೀಟರ್ ಉದ್ದದ ನೇರ ಕೋಲು, ಅದನ್ನು ಲಂಬವಾಗಿ ನಿಲ್ಲಿಸಲು ಒಂದು ತೂಗುಗುಂಡು, ಒಂದು ಅಳತೆ ಟೇಪು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಎರಟೋಸ್ತನೀಸ್ ಅಲೆಕ್ಸಾಂಡ್ರಿಯಾದಲ್ಲಿ ಮಾಡಿದ ಭೂಮಿಯ ಸುತ್ತಳತೆಯ ಲೆಕ್ಕವನ್ನೇ ಮಕ್ಕಳು ಮತ್ತೆ ಮಾಡುತ್ತಾರೆ. ಆ ದಿನ ನಡುಮಧ್ಯಾಹ್ನ ಅಥೆನ್ಸ್‌ನಲ್ಲಿ ಒಂದು ಮೀಟರ್ ಕೋಲಿನ ನೆರಳು 78 ಸೆಂಟಿಮೀಟರ್. ಹೆಲ್ಸಿಂಕಿಯಲ್ಲಿ ಅದೇ ಕೋಲಿಗೆ 175 ಸೆಂಟಿಮೀಟರ್. ನೆರಳಿನಿಂದ ಕೋನ ತೆಗೆದರೆ ಅಥೆನ್ಸ್‌ಗೆ 38 ಡಿಗ್ರಿ, ಹೆಲ್ಸಿಂಕಿಗೆ 60.2 ಡಿಗ್ರಿ. ಎರಡೂ ಊರುಗಳು ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ, ನಡುವಿನ ದೂರ ಸುಮಾರು 2,470 ಕಿಲೋಮೀಟರ್. 22.2 ಡಿಗ್ರಿಗೆ ಇಷ್ಟಾದರೆ 360 ಡಿಗ್ರಿಗೆ ಎಷ್ಟು? 40,050ರ ಆಸುಪಾಸು. ಧ್ರುವಗಳ ಮೇಲಿಂದ ಹಾದ ಭೂಮಿಯ ಸುತ್ತಳತೆ 40,008 ಕಿಲೋಮೀಟರ್.

ಕಾಗದದ ಮೇಲೆ ಇದು ಇಷ್ಟು ಚೆಂದ. ನೆಲದ ಮೇಲೆ ನೆರಳಿನ ತುದಿ ಗೆರೆ ಎಳೆದಂತೆ ಸ್ಪಷ್ಟವಾಗಿರುವುದಿಲ್ಲ. ಸೂರ್ಯ ಚುಕ್ಕೆಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ಬಿಂಬ. ಹಾಗಾಗಿ ಅಥೆನ್ಸ್‌ನಲ್ಲಿ ನೆರಳಿನ ತುದಿ ಸುಮಾರು ಒಂದೂವರೆ ಸೆಂಟಿಮೀಟರಿನಷ್ಟು ಮಸುಕಾಗಿ ಹರಡಿರುತ್ತದೆ, ಸೂರ್ಯ ಕೆಳಗಿರುವ ಹೆಲ್ಸಿಂಕಿಯಲ್ಲಿ ಸುಮಾರು 4 ಸೆಂಟಿಮೀಟರ್. ಮಸುಕಿನ ನಡುಮಧ್ಯಕ್ಕೆ ಗುರುತು ಹಾಕಬೇಕು. ಒಂದು ಮಗು ಈಚೆ ಎನ್ನುತ್ತದೆ, ಇನ್ನೊಂದು ಆಚೆ ಎನ್ನುತ್ತದೆ. ಅಥೆನ್ಸ್‌ನಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೆ ಕೋನ 0.36 ಡಿಗ್ರಿ ತಪ್ಪುತ್ತದೆ. ಅಂತರ 22 ಡಿಗ್ರಿ ಇರುವುದರಿಂದ ಕೊನೆಯ ಉತ್ತರದಲ್ಲಿ ಅದು ಶೇ. 1.6ರಷ್ಟು ದೋಷ. ಇದೇ ಪ್ರಯೋಗವನ್ನು ನೆದರ್ಲೆಂಡ್ಸ್‌ನ ಶಾಲೆಗಳು ತಮ್ಮತಮ್ಮಲ್ಲೇ ಮಾಡಿಕೊಂಡರೆ? ಆ ದೇಶದ ದಕ್ಷಿಣದ ತುದಿಯಿಂದ ಉತ್ತರದ ತುದಿಗೆ ಸುಮಾರು 300 ಕಿಲೋಮೀಟರ್, ಮೂರು ಡಿಗ್ರಿಯೂ ಇಲ್ಲ. ಅಲ್ಲಿ ಅದೇ ಒಂದು ಸೆಂಟಿಮೀಟರ್ ತಪ್ಪು ಉತ್ತರವನ್ನು ಶೇ. 8ರಷ್ಟು, ಅಂದರೆ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ಕೆಡಿಸುತ್ತದೆ. ಗಡಿ ದಾಟಿ ಕೂಡಿಕೊಂಡದ್ದಕ್ಕೆ ಸಿಕ್ಕ ಲಾಭ ಐದು ಪಟ್ಟು, ಖರ್ಚು ಮಾತ್ರ ಅಷ್ಟೇ.

ಶಾಲೆ ನಡೆಯುವುದು ಹಗಲಿನಲ್ಲಿ, ನಕ್ಷತ್ರ ಕಾಣುವುದು ರಾತ್ರಿ. ಖಗೋಳದ ಮೇಷ್ಟ್ರುಗಳ ಹಳೆಯ ತಲೆನೋವು ಇದು. ಇದಕ್ಕೂ ಪರಿಹಾರ ದೂರದಿಂದಲೇ ಬಂದಿದೆ. ಬ್ರಿಟನ್ನಿನ ಡಿಲ್ ಫೌಕ್ಸ್ ಅವರ ಟ್ರಸ್ಟ್ ಸುಮಾರು ಒಂದು ಕೋಟಿ ಪೌಂಡ್ ಕೊಟ್ಟು ಹವಾಯಿಯಲ್ಲೊಂದು, ಆಸ್ಟ್ರೇಲಿಯಾದಲ್ಲೊಂದು ದೂರದರ್ಶಕ ಕಟ್ಟಿಸಿತು. ಎರಡಕ್ಕೂ 2 ಮೀಟರ್ ವ್ಯಾಸದ ಕನ್ನಡಿ. ಚಳಿಗಾಲದಲ್ಲಿ ವೇಲ್ಸ್‌ನ ತರಗತಿಯಲ್ಲಿ ಬೆಳಗಿನ ಹತ್ತು ಗಂಟೆಯಾಗಿದ್ದಾಗ ಹವಾಯಿಯಲ್ಲಿ ನಡುರಾತ್ರಿ. ಗಣಿತದ ಪಿರಿಯಡ್ ಮುಗಿಸಿ ಬಂದ ಮಕ್ಕಳು ಕಂಪ್ಯೂಟರ್ ಮುಂದೆ ಕೂತು ಆ ಕನ್ನಡಿಯನ್ನು ತಮಗೆ ಬೇಕಾದ ನಕ್ಷತ್ರಗುಚ್ಛದತ್ತ ತಿರುಗಿಸಬಹುದು. ಕ್ಯಾನರಿ ದ್ವೀಪಗಳ ಲಾ ಪಾಲ್ಮಾದಲ್ಲಿರುವ ಲಿವರ್‌ಪೂಲ್ ದೂರದರ್ಶಕದ್ದೂ 2 ಮೀಟರ್ ಕನ್ನಡಿಯೇ. ಅದರ ವೀಕ್ಷಣಾ ಸಮಯದಲ್ಲಿ ಶೇ. 10 ಶಾಲೆಗಳಿಗೆ ಮೀಸಲು. ಅಲ್ಲಿಗೂ ಬ್ರಿಟನ್ನಿಗೂ ಒಂದೇ ಹೊತ್ತಿಗೆ ರಾತ್ರಿಯಾಗುವುದರಿಂದ ಮಕ್ಕಳು ಹಗಲು ಕೋರಿಕೆ ಸಲ್ಲಿಸುತ್ತಾರೆ, ದೂರದರ್ಶಕ ತಾನೇ ರಾತ್ರಿ ಚಿತ್ರ ತೆಗೆದಿಡುತ್ತದೆ. ಹತ್ತರಲ್ಲಿ ಒಂದು ಪಾಲು ಎಂದರೆ ಸಣ್ಣದಲ್ಲ. 2 ಮೀಟರ್ ಕನ್ನಡಿಯ ಮೇಲೆ ಒಂದು ರಾತ್ರಿ ಸಿಗಲೆಂದು ಸಂಶೋಧಕರೇ ಅರ್ಜಿ ಹಾಕಿ ಕಾಯುತ್ತಾರೆ.

ಹಗಲಿನಲ್ಲೇ ಕೆಲಸ ಮಾಡುವ ದಾರಿಯೂ ಇದೆ. 2004ರಲ್ಲಿ ಎಂಟು ದೇಶಗಳು ಕೂಡಿ ಶುರುಮಾಡಿದ ‘ಹ್ಯಾಂಡ್ಸ್ ಆನ್ ಯೂನಿವರ್ಸ್ ಯುರೋಪ್’ ಯೋಜನೆ ಮಕ್ಕಳಿಗೆ ನಿಜವಾದ ಖಗೋಳ ಚಿತ್ರಗಳನ್ನು, ಅವನ್ನು ಅಳೆಯಲು ಸಾಲ್ಸಾ-ಜೆ ಎಂಬ ಉಚಿತ ತಂತ್ರಾಂಶವನ್ನು ಕೊಟ್ಟಿತು. ಮುಂದೆ 2.3 ಮೀಟರ್ ಅಗಲದ ರೇಡಿಯೊ ತಟ್ಟೆಗಳನ್ನೂ ಶಾಲೆಗಳ ಕೈಗೆ ಎಟುಕಿಸಿತು. ಹೈಡ್ರೊಜನ್ ಅನಿಲ ಹೊಮ್ಮಿಸುವ 21 ಸೆಂಟಿಮೀಟರ್ ಅಲೆಗೆ ಹಗಲು ರಾತ್ರಿ ಎಂಬ ಭೇದವಿಲ್ಲ, ಮೋಡವೂ ಅಡ್ಡಿಯಲ್ಲ. ಇಷ್ಟು ಸಣ್ಣ ತಟ್ಟೆಗೆ ಆಕಾಶ ಕಾಣುವುದು ಐದಾರು ಡಿಗ್ರಿಗಳ ತೇಪೆ ತೇಪೆಯಾಗಿ, ಅಂದರೆ ಹತ್ತು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಅಗಲಕ್ಕೆ. ಆದರೂ ನಮ್ಮ ಆಕಾಶಗಂಗೆ ತಿರುಗುತ್ತಿದೆ ಎಂದು ತೋರಿಸಲು ಅಷ್ಟು ಸಾಕು.

ಇನ್ನು ಹಣದ ಮಾತು. 4ರಿಂದ 10 ವರ್ಷದ ಮಕ್ಕಳಿಗೆಂದು ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ ನಡೆದ ‘ಯೂನಿವರ್ಸ್ ಅವೇರ್‌ನೆಸ್’ ಯೋಜನೆಗೆ ಯುರೋಪಿಯನ್ ಒಕ್ಕೂಟ 2011ರಿಂದ ಮೂರು ವರ್ಷಕ್ಕೆ 19 ಲಕ್ಷ ಯೂರೋ ಕೊಟ್ಟಿತು. ಯುರೋಪಿನ ಐದು ದೇಶಗಳು, ಜೊತೆಗೆ ದಕ್ಷಿಣ ಆಫ್ರಿಕಾ. ಆರು ದೇಶ, ಮೂರು ವರ್ಷ ಎಂದು ಭಾಗಿಸಿದರೆ ದೇಶಕ್ಕೆ ವರ್ಷಕ್ಕೆ ಒಂದು ಲಕ್ಷ ಯೂರೋ ಚಿಲ್ಲರೆ. ಪಶ್ಚಿಮ ಯುರೋಪಿನಲ್ಲಿ ಇಬ್ಬರು ಪೂರ್ಣಾವಧಿ ನೌಕರರನ್ನು ಇಟ್ಟುಕೊಂಡರೆ ಉಳಿಯುವುದು ಹೆಚ್ಚೇನಿಲ್ಲ. ಚಿಲಿಯಲ್ಲಿ ಏಳುತ್ತಿರುವ 39 ಮೀಟರ್ ಕನ್ನಡಿಯ ದೈತ್ಯ ದೂರದರ್ಶಕಕ್ಕೆ ತಗಲುವ ವೆಚ್ಚ ಸುಮಾರು 145 ಕೋಟಿ ಯೂರೋ. ಆ ಒಂದು ದೂರದರ್ಶಕದ ಹಣದಲ್ಲಿ ಇಂಥ ಮೂರು ವರ್ಷದ ಯೋಜನೆಗಳನ್ನು 760 ಸಲ ನಡೆಸಬಹುದು. ದೈತ್ಯ ದೂರದರ್ಶಕ ಬೇಡ ಎನ್ನುವವನಲ್ಲ ನಾನು, ಬೇಕೇ ಬೇಕು. ಆದರೆ ಅದರ ಮುಂದೆ ಕೂತು ಕೆಲಸ ಮಾಡಬೇಕಾದವರು ಇಂದು ಒಂದನೇ ತರಗತಿಯಲ್ಲಿದ್ದಾರೆ.

ಮೊತ್ತ ಚಿಕ್ಕದೆಂಬುದಕ್ಕಿಂತ ಮೂರು ವರ್ಷ ಎಂಬ ಗಡುವು ನನ್ನನ್ನು ಹೆಚ್ಚು ಕಾಡುತ್ತದೆ. ಮೊದಲ ವರ್ಷ ಜನರನ್ನು ಹುಡುಕುವುದರಲ್ಲಿ, ಪಾಠ ಬರೆಯುವುದರಲ್ಲಿ ಕಳೆಯುತ್ತದೆ. ಎರಡನೆಯ ವರ್ಷ ತರಬೇತಿ. ಮೂರನೆಯ ವರ್ಷ ಫಲ ಕಾಣುವ ಹೊತ್ತಿಗೆ ವರದಿ ಬರೆದು ಲೆಕ್ಕ ಒಪ್ಪಿಸಬೇಕು. ಇದೇ ಬಳಗ ರೂಪಿಸಿದ ‘ಯೂನಿವರ್ಸ್ ಇನ್ ಎ ಬಾಕ್ಸ್’ ಎಂಬ ಪೆಟ್ಟಿಗೆಯಲ್ಲಿ ಚಂದ್ರನ ಕಲೆಗಳಿಂದ ಹಿಡಿದು ನಕ್ಷತ್ರಪುಂಜಗಳವರೆಗೆ ಹತ್ತಾರು ಚಟುವಟಿಕೆಗಳಿಗೆ ಬೇಕಾದ ಚೆಂಡು, ದೀಪ, ಹಾಳೆಗಳಿವೆ. ಅನುದಾನದ ಅವಧಿ ಮುಗಿದ ಮೇಲೆ, 2014ರಲ್ಲಿ, ಅದನ್ನು ಬಡ ಶಾಲೆಗಳಿಗೆ ಮುಟ್ಟಿಸಲು ಸಾರ್ವಜನಿಕರಿಂದ ಆನ್‌ಲೈನ್‌ನಲ್ಲಿ ಚಂದಾ ಎತ್ತಬೇಕಾಯಿತು. ಜನ ಕೊಟ್ಟರು ಎಂಬುದು ಸಂತೋಷ. ಎತ್ತಬೇಕಾಗಿ ಬಂತು ಎಂಬುದು ಬೇಸರ.

ಶಿಕ್ಷಕರ ಮೇಲೆ ಹಾಕಿದ ಹಣದ ಲೆಕ್ಕ ಬೇರೆ. ವರ್ಷಕ್ಕೆ ನೂರು ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರು ಇನ್ನೂ ಇಪ್ಪತ್ತು ವರ್ಷ ಕೆಲಸದಲ್ಲಿರುತ್ತಾರೆ ಎಂದಿಟ್ಟುಕೊಳ್ಳಿ. ಒಬ್ಬರಿಂದ ಎರಡು ಸಾವಿರ ಮಕ್ಕಳು. ಗಾರ್ಕಿಂಗ್‌ನಲ್ಲಿ ಸೇರಿದಷ್ಟು ಜನರಿಗೆ ಒಂದೇ ಒಂದು ಸಲ ಚೆನ್ನಾಗಿ ತರಬೇತಿ ಕೊಟ್ಟರೆ ಎರಡು ಲಕ್ಷ ಮಕ್ಕಳು. ಯಾವ ಪೆಟ್ಟಿಗೆಯೂ ಇಷ್ಟು ಅಗ್ಗವಾಗಿ ಇಷ್ಟು ದೂರ ಹೋಗದು. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ತನ್ನ ಶಿಕ್ಷಣ ಕಚೇರಿಗೆ ಜರ್ಮನಿಯ ಹೈಡೆಲ್‌ಬರ್ಗ್‌ನ ‘ಹೌಸ್ ಡೆರ್ ಆಸ್ಟ್ರೊನೊಮಿ’ಯನ್ನು ಆರಿಸಿಕೊಂಡದ್ದಕ್ಕೆ ಅರ್ಥವಿದೆ. ಸುರುಳಿ ಗ್ಯಾಲಕ್ಸಿಯ ಆಕಾರದಲ್ಲಿ ಕಟ್ಟಿ 2011ರಲ್ಲಿ ತೆರೆದ ಆ ಮನೆಯಲ್ಲಿ ಶಿಕ್ಷಕರ ತರಬೇತಿ ವರ್ಷವಿಡೀ ನಡೆಯುವ ಕೆಲಸ. ಆ ಕಚೇರಿಯ ಭಾರತದ ಕೇಂದ್ರ ಪುಣೆಯ ಐಯುಕಾ ಖಗೋಳ ಸಂಸ್ಥೆಯಲ್ಲಿದೆ.

ಕೋಲು-ನೆರಳಿನ ಆ ಲೆಕ್ಕವನ್ನು ಕರ್ನಾಟಕದ ಶಾಲೆಗಳಿಗೂ ಹಚ್ಚಿ ನೋಡಿದೆ. ಬೆಂಗಳೂರು ಮತ್ತು ಬೀದರ್ ಒಂದೇ ರೇಖಾಂಶದ ಮೇಲಿವೆ ಎನ್ನಬಹುದು, ನಡುವೆ ನೇರ ಗೆರೆಯಲ್ಲಿ 550 ಕಿಲೋಮೀಟರ್. ಹಗಲು ರಾತ್ರಿ ಸಮನಾಗುವ ದಿನ ಬೆಂಗಳೂರಿನಲ್ಲಿ ಮೀಟರ್ ಕೋಲಿನ ನೆರಳು 23 ಸೆಂಟಿಮೀಟರ್, ಬೀದರಿನಲ್ಲಿ 32. ಅಂತರ ಐದು ಡಿಗ್ರಿಯೂ ಆಗದ ಕಾರಣ ಬೆಂಗಳೂರಿನಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೆ ಉತ್ತರ ಶೇ. 11ರಷ್ಟು ಕೆಡುತ್ತದೆ. ಬೀದರಿನ ಬದಲು ಲೇಹ್‌ನ ಶಾಲೆಯೊಂದನ್ನು ಜೊತೆಗೆ ಹಿಡಿದರೆ ಅಂತರ 21 ಡಿಗ್ರಿಗೆ ಏರುತ್ತದೆ, ಅದೇ ತಪ್ಪಿಗೆ ದೋಷ ಶೇ. 2.6ಕ್ಕೆ ಇಳಿಯುತ್ತದೆ. ಅಥೆನ್ಸ್ ಮತ್ತು ಹೆಲ್ಸಿಂಕಿಯ ರೇಖಾಂಶಗಳು ಒಂದು ಡಿಗ್ರಿಗಿಂತ ಹೆಚ್ಚು ಬೇರೆ, ನಡುಮಧ್ಯಾಹ್ನದಲ್ಲಿ ಐದು ನಿಮಿಷದ ಹೆಚ್ಚುಕಮ್ಮಿ ಉಂಟು. ಬೆಂಗಳೂರು, ಲೇಹ್ ಎರಡೂ 77.6 ಡಿಗ್ರಿಯಲ್ಲಿವೆ. ಮಾರ್ಚ್ 20ರಂದು ಎರಡೂ ಕಡೆ ನೆರಳು ಅತಿ ಗಿಡ್ಡವಾಗುವುದು ಒಂದೇ ಹೊತ್ತಿಗೆ, ಮಧ್ಯಾಹ್ನ 12 ಗಂಟೆ 27 ನಿಮಿಷದ ಸುಮಾರಿಗೆ. ಸೆಪ್ಟೆಂಬರ್ 23ಕ್ಕೆ ಮಾಡುವುದಾದರೆ 12 ಗಂಟೆ 12 ನಿಮಿಷಕ್ಕೆ. ಹತ್ತು ನಿಮಿಷ ಮುಂಚೆಯೇ ಕೋಲು ನೆಟ್ಟು, ನಿಮಿಷಕ್ಕೊಂದು ಗುರುತು ಹಾಕುತ್ತಾ ಹೋಗಬೇಕು.