ಬಿಸಿಲ ನಾಡಿನ ರೋಗಿಯೂ ಡಿ ಜೀವಸತ್ತ್ವದ ಕೊರತೆಯೂ

ಸೊಂಟದ ಮೂಳೆ ಮುರಿದು ಆಸ್ಪತ್ರೆ ಸೇರಿದ, ಬೆಳ್ತಂಗಡಿಯ ಬಳಿಯ ಲಾಯಿಲದ ವೃದ್ಧೆಯೊಬ್ಬರ ರಕ್ತಪರೀಕ್ಷೆಯಲ್ಲಿ ಡಿ ಜೀವಸತ್ತ್ವವು ಮಿಲಿಲೀಟರಿಗೆ 20 ನ್ಯಾನೋಗ್ರಾಮಿಗಿಂತ ಕಡಮೆಯೆಂದು ಕಂಡುಬಂದರೆ, ‘ನಮ್ಮಲ್ಲಿ ಬಿಸಿಲಿಗೇನು ಬರಗಾಲವೇ?’ ಎಂದು ಮನೆಯವರು ಬೆರಗಾಗುವುದು ಸಹಜ. ಬೆಳ್ತಂಗಡಿಯ ಸೀಮೆ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಮೆರಿಕದ ಬಾಸ್ಟನ್ನಿನಲ್ಲಿ ನವೆಂಬರದಿಂದ ಫೆಬ್ರವರಿಯವರೆಗೆ ಚರ್ಮವು ಈ ಸತ್ತ್ವವನ್ನು ಉತ್ಪಾದಿಸಲಾರದಷ್ಟು ಸೂರ್ಯನು ದುರ್ಬಲನಾಗುವಂತೆ ಇಲ್ಲಿ ಆಗುವುದಿಲ್ಲ. ಆದರೆ ಆಕಾಶದಲ್ಲಿರುವ ಬಿಸಿಲು ಬೇರೆ, ಮೈಗೆ ತಾಗುವ ಬಿಸಿಲು ಬೇರೆ. ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೆಳಗಿನಿಂದ ಬೈಗಿನವರೆಗೆ ಜಗಲಿಯ ನೆರಳಿನಲ್ಲಿ ಬೀಡಿ ಕಟ್ಟುವ ಹೆಂಗಸು, ಅಡಕೆಯ ತೋಟದ ತಣ್ಣೆಳಲಲ್ಲಿ ದುಡಿಯುವ ಆಳು, ನಸುಕಿನಲ್ಲೇ ರಬ್ಬರು ಮರಗಳ ನಡುವೆ ಸುತ್ತಿ ಬರುವವನು, ಇವರೆಲ್ಲರೂ ಬಿಸಿಲ ನಾಡಿನ ನೆರಳಿನ ಜೀವಿಗಳೇ. ಜೂನಿನಿಂದ ಸೆಪ್ಟೆಂಬರದವರೆಗಿನ ಮೋಡವೂ ಮೈತುಂಬುವ ಬಟ್ಟೆಯೂ ಇದಕ್ಕೆ ಸೇರುತ್ತವೆ. ಕಪ್ಪು ಚರ್ಮಕ್ಕೆ ಬಿಸಿಲು ಹೆಚ್ಚು ಹೊತ್ತು ಬೇಕು. ಮುಪ್ಪಿನಲ್ಲಿ ಚರ್ಮದೊಳಗಿರುವ ಈ ಸತ್ತ್ವದ ಮೂಲದ್ರವ್ಯವೇ ಕುಗ್ಗಿರುತ್ತದೆ.

ಎಳೆಬಿಸಿಲೇ ಶ್ರೇಷ್ಠವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಎಳೆಬಿಸಿಲು ಹಿತಕರವೆಂಬುದು ನಿಜ. ಆದರೆ ಈ ಸತ್ತ್ವವನ್ನು ಉಂಟುಮಾಡುವ 290ರಿಂದ 315 ನ್ಯಾನೋಮೀಟರಿನ ನೇರಳಾತೀತ ಕಿರಣಗಳು, ಸೂರ್ಯನು ದಿಗಂತದ ಬಳಿಯಿರುವಾಗ, ದೀರ್ಘವಾದ ವಾಯುಮಾರ್ಗದಲ್ಲಿ ಬಹುಪಾಲು ಹೀರಲ್ಪಡುತ್ತವೆ. ನಮ್ಮ ನೆರಳು ನಮ್ಮ ಎತ್ತರಕ್ಕಿಂತ ಚಿಕ್ಕದಾಗಿರುವ ಹೊತ್ತೇ ಇದಕ್ಕೆ ತಕ್ಕ ಹೊತ್ತು. ಮುಚ್ಚಿದ ಗಾಜಿನ ಕಿಟಕಿಯ ಪಕ್ಕದ ಹಾಸಿಗೆಗೆ ಬೀಳುವ ಬಿಸಿಲಿನಿಂದ ರೋಗಿಗೆ ಬೆಚ್ಚನೆಯ ಸುಖ ದೊರೆತೀತು, ಡಿ ಜೀವಸತ್ತ್ವ ದೊರೆಯದು. ಸಾಮಾನ್ಯ ಗಾಜು ಆ ಕಿರಣಗಳನ್ನು ತಡೆದುಬಿಡುತ್ತದೆ.

ಆಸ್ಪತ್ರೆಯ ವಾಸದಿಂದಲೇ ಕೊರತೆಯಾಯಿತೆಂದು ಕೆಲವರೂ, ಕೊರತೆಯಿಂದಲೇ ರೋಗ ಬಂದಿತೆಂದು ಕೆಲವರೂ ಹೇಳುವುದುಂಟು. ಎರಡೂ ಆತುರದ ನಿರ್ಣಯಗಳು. ಪರೀಕ್ಷೆಯಲ್ಲಿ ಅಳೆಯುವ ರೂಪವು ರಕ್ತದಲ್ಲಿ ಅರ್ಧಕ್ಕಿಳಿಯಲು ಎರಡು ಮೂರು ವಾರಗಳೇ ಬೇಕಾಗಿರುವಾಗ, ನಾಲ್ಕು ದಿನದ ಮಂಚವಾಸವು ಅದನ್ನು ಬರಿದುಮಾಡಲಾರದು. 1998ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಾಸ್ಟನ್ನಿನ ಆಸ್ಪತ್ರೆಯೊಂದರ 290 ಒಳರೋಗಿಗಳಲ್ಲಿ ಶೇಕಡ 57 ಮಂದಿಗೆ ಕೊರತೆ ಕಂಡುಬಂದಿತ್ತು. ಇಂಥ ಕೊರತೆಯ ಬಹುಭಾಗವನ್ನು ರೋಗಿಗಳು ಮನೆಯಿಂದಲೇ ಹೊತ್ತು ತಂದಿರುತ್ತಾರೆ. ಆದರೆ ಇನ್ನೊಂದು ಸಂಗತಿಯುಂಟು, ಇದೇ ಬಹುಮಂದಿಗೆ ತಿಳಿಯದಿರುವುದು: ತೀವ್ರ ಉರಿಯೂತದಲ್ಲಿ ಈ ಸತ್ತ್ವವನ್ನು ರಕ್ತದಲ್ಲಿ ಹೊತ್ತು ನಡೆಯುವ ಪ್ರೋಟೀನೇ ಇಳಿಯುವುದರಿಂದಲೂ, ಧಾರಾಳವಾಗಿ ಏರಿಸಿದ ಸಲೈನಿನಿಂದ ರಕ್ತವು ತೆಳುವಾಗುವುದರಿಂದಲೂ ಅಂಕಿ ತಾನಾಗಿ ಕುಸಿಯುತ್ತದೆ. 2011ರಲ್ಲಿ ಪ್ರಕಟವಾದ ಸ್ಕಾಟ್ಲೆಂಡಿನ ಅಧ್ಯಯನವೊಂದರಲ್ಲಿ, ಮೊಣಕಾಲಿನ ಕೀಲು ಬದಲಿಸಿದ ರೋಗಿಗಳಲ್ಲಿ ಆ ಅಂಕಿ ಕೆಲವೇ ದಿನಗಳಲ್ಲಿ ಸುಮಾರು ಶೇಕಡ 40ರಷ್ಟು ಇಳಿದಿತ್ತು. ಯಕೃತ್ತಿನ ಹಾಗೂ ಮೂತ್ರಪಿಂಡದ ವ್ಯಾಧಿಗಳು, ಸ್ಥೂಲಕಾಯ, ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಇವೂ ತಮ್ಮ ಪಾಲನ್ನು ಸೇರಿಸುತ್ತವೆ.

ಹಾಗಾದರೆ ಈ ಸತ್ತ್ವವನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟುಬಿಟ್ಟರೆ ರೋಗಿ ಬೇಗ ಚೇತರಿಸಿಕೊಳ್ಳುವನೇ? 2014ರಲ್ಲಿ ಪ್ರಕಟವಾದ ಆಸ್ಟ್ರಿಯದ ಪ್ರಯೋಗದಲ್ಲಿಯೂ 2019ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿಯೂ ತೀವ್ರ ಅಸ್ವಸ್ಥರಿಗೆ 5,40,000 ಯೂನಿಟ್ಟುಗಳನ್ನು ಕೊಟ್ಟು ನೋಡಲಾಯಿತು. ಒಟ್ಟಾರೆ ಸಾವಿನ ಪ್ರಮಾಣ ತಗ್ಗಲಿಲ್ಲ. ತೀರ ಹೆಚ್ಚಿನ ಕೊರತೆಯುಳ್ಳವರ ವಿಷಯದಲ್ಲಿ ಮೊದಲನೆಯ ಪ್ರಯೋಗವು ತೋರಿಸಿದ್ದ ಆಶೆಯನ್ನೂ ಎರಡನೆಯದು ಸಮರ್ಥಿಸಲಿಲ್ಲ. ಮೂಳೆ ಮುರಿದ ವೃದ್ಧರ ಕೊರತೆಯನ್ನು ತುಂಬಲೇಬೇಕು, ಅದರಲ್ಲಿ ಸಂಶಯವಿಲ್ಲ. ಆದರೆ ವಾರಕ್ಕೊಮ್ಮೆಯೆಂದು ಬರೆದುಕೊಟ್ಟ 60,000 ಯೂನಿಟ್ಟಿನ ಮಾತ್ರೆಯನ್ನು ಪ್ರತಿದಿನ ನುಂಗಿದರೆ ರಕ್ತದಲ್ಲಿ ಸುಣ್ಣಾಂಶವೇರಿ ಮೂತ್ರಪಿಂಡಕ್ಕೇ ಕೇಡು. ಆಹಾರದಲ್ಲಿ ಬೂತಾಯಿ, ಬಂಗುಡೆಗಳಂಥ ಕೊಬ್ಬಿನ ಮೀನು ಉತ್ತಮ. ಸಸ್ಯಾಹಾರಿಗಳಿಗೆ ಸತ್ತ್ವ ಬೆರೆಸಿದ ಹಾಲು ಸ್ವಲ್ಪಮಟ್ಟಿಗೆ ಆಸರೆಯಾದೀತು.

ಆದುದರಿಂದ ಮನೆಯ ಹಿರಿಯರನ್ನು ಆಸ್ಪತ್ರೆಗೆ ಸೇರಿಸುವಾಗ ಅವರು ಎಷ್ಟು ಕಾಲದಿಂದ ಒಳಗೇ ಇದ್ದಾರೆ, ಯಾವ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದಾರೆ ಎಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಿರಿ; ಜ್ವರ ಉರಿಯೂತಗಳ ನಡುವೆ ಪರೀಕ್ಷೆಯಾಗಿದ್ದರೆ, ಗುಣವಾದ ಕೆಲವು ತಿಂಗಳ ಮೇಲೆ ಮತ್ತೊಮ್ಮೆ ಮಾಡಿಸಬೇಕೇ ಎಂದು ಕೇಳಿರಿ.